ಅಪ್ಪಾಜಿ ಬೂದಿನ ಹೇಮಾವತಿ ನೀರಿಗೆ ಬಿಡೋಕೆ ಕ್ಯಾಥೋಲಿಕ್ ಧರ್ಮಸಭೆ ಒಪ್ಪುತ್ತಾ? ಗೊತ್ತಿರೋರು ಹೇಳಿ

ಪಿಂಪ್ರಿ ಹಾಸನದವಳು

ಎಲ್ರಿಗೂ ಸ್ತೋತ್ರ. ನಾವು ಹಾಸನ ಕಡೆಯ ಕ್ಯಾಥೋಲಿಕರು, ಮೂಲ ಶೆಟ್ಟಿಹಳ್ಳಿ, ಗೊರೂರು ಡ್ಯಾಮ್ ನೀರಲ್ಲಿ ಮುಳುಗಿರೋ ಚರ್ಚಿನ ಫೋಟೊ ಎಲ್ರೂ ನೋಡಿರ್ತೀರ, ಅದೇ ಊರು. ಅಪ್ಪಾಜಿ 1971ರಲ್ಲಿ ಕೆಲಸ ಹುಡ್ಕೊಂಡು ಪುಣೆಗೆ ಬಂದು ಪಿಂಪ್ರಿ ಕಡೆ ಫ್ಯಾಕ್ಟರಿ ಸೇರಿದ್ರು, ಇಲ್ಲೇ ರಿಟೈರ್ ಆದ್ರು, ಮೂರು ವಾರದ ಹಿಂದೆ ಇಲ್ಲೇ ತೀರ್ಕೊಂಡ್ರು. 78 ಆಗಿತ್ತು.

ತೀರ್ಕೊಳ್ಳೋ ಮುಂಚೆ ಅಣ್ಣನ್ನ ಕರ್ದು ಎರಡು ಮಾತು ಹೇಳಿದ್ರು. ಒಂದು, ನನ್ನ ಸುಟ್ಟುಬಿಡಿ, ಇಲ್ಲಿ ಮಣ್ಣು ಮಾಡಿದ್ರೆ ನಾಳೆ ನೀವೆಲ್ಲ ಬೇರೆ ಊರಿಗೆ ಹೋದ್ಮೇಲೆ ಸಮಾಧಿ ಯಾರ್ ನೋಡ್ತಾರೆ ಅಂತ. ಇನ್ನೊಂದು, ಬೂದಿನ ಹೇಮಾವತಿ ನೀರಿಗೆ ಬಿಡಿ, ಅವ್ವ ಅಲ್ಲವ್ಳೆ ಅಂತ. ನಮ್ಮಜ್ಜಿ ತೀರ್ಕೊಂಡಾಗ ಅಪ್ಪಾಜಿಗೆ ಹನ್ನೊಂದು ವರ್ಷ, ಹಳೇ ಊರಲ್ಲೇ ಮಣ್ಣು ಮಾಡಿದ್ದು. ಆಮೇಲೆ ಡ್ಯಾಮ್ ಆಯ್ತು, ನೀರು ತುಂಬೋ ಹೊತ್ತಿಗೆ ಅಪ್ಪಾಜಿ ಇಲ್ಲಿದ್ರು, ರಜೆ ಸಿಗ್ಲಿಲ್ಲ, ಕೊನೇ ಸಲ ಸಮಾಧಿ ನೋಡೋಕೆ ಹೋಗೋಕಾಗ್ಲಿಲ್ಲ. ಅದನ್ನ ಐವತ್ತು ವರ್ಷ ಮನಸಲ್ಲೇ ಇಟ್ಕೊಂಡಿದ್ರು ಅಂತ ನಮಗೆ ಗೊತ್ತಾಗಿದ್ದು ಆವಾಗ್ಲೇ.

ಚರ್ಚಲ್ಲಿ ದೇಹ ಇಟ್ಟು ಪೂಜೆ ಆಯ್ತು, ಆಮೇಲೆ ಕರೆಂಟ್ ಸ್ಮಶಾನಕ್ಕೆ ಫಾದರ್ ಕೂಡ ಬಂದು ಪ್ರಾರ್ಥನೆ ಮಾಡಿದ್ರು. ಆದ್ರೆ ಬೂದಿ ನೀರಿಗೆ ಬಿಡೋ ವಿಷಯ ಕೇಳಿದಾಗ ಫಾದರ್ ಆಗಲ್ಲಮ್ಮ ಅಂದ್ರು, ಅವತ್ತು ಪೂಜೆಗೆ ಟೈಮಾಗಿತ್ತು, ಯಾಕೆ ಅಂತ ಕೇಳೋಕಾಗ್ಲಿಲ್ಲ. ಪ್ಯಾರಿಷಿನ, ಅಂದ್ರೆ ನಮ್ಮ ಚರ್ಚಿನ ಇನ್ನೊಬ್ರು ಹಿರಿಯರು ಎಲ್ರ ಮುಂದೆ ಸುಟ್ಟಿದ್ದೇ ಪಾಪ, ಇನ್ನೇನ್ ಕೇಳ್ತೀರಾ ಅಂದ್ಬಿಟ್ರು. ಆವತ್ತಿಂದ ನಾನು ಸರಿಯಾಗಿ ಮಲಗಿಲ್ಲ. ಬೂದಿ ಮಡಕೆ ಬಿಳಿ ಬಟ್ಟೆ ಕಟ್ಟಿ ಯೇಸುವಿನ ತಿರುಹೃದಯದ ಪಟದ ಕೆಳಗೆ ಶೋಕೇಸಲ್ಲಿದೆ. ಅಣ್ಣ ಹೋಗಿ ಬಿಟ್ಟು ಬರೋಣ ಯಾರಿಗ್ಯಾಕೆ ಕೇಳ್ಬೇಕು ಅಂತಾನೆ. ಧರ್ಮಸಭೆ ಕಾನೂನು ಏನು ಹೇಳುತ್ತೆ, ಸುಟ್ಟಿದ್ದು ಪಾಪಾನಾ, ಅಷ್ಟಾದ್ರೂ ಯಾರಾದ್ರೂ ಹೇಳಿ.

ಅಂಧೇರಿಯ ಕುಡ್ಲದವಳು

ಅಳ್ಬೇಡಿ ಆಯ್ತಾ, ಮೊದಲು ನಿಮ್ಮ ಅಪ್ಪನಿಗೆ ನಿತ್ಯ ವಿಶ್ರಾಂತಿ ಸಿಗಲಿ. ಸುಟ್ಟದ್ದು ಪಾಪ ಅಲ್ಲವೇ ಅಲ್ಲ. ಹಾಗೆ ಹೇಳಿದವರಿಗೆ ಹಳೇ ಕಾಲದ್ದು ಮಾತ್ರ ಗೊತ್ತುಂಟು. ಫಾದರೇ ಸ್ಮಶಾನಕ್ಕೆ ಬಂದು ಪ್ರಾರ್ಥನೆ ಮಾಡಿದ್ದಾರಲ್ಲ, ಪಾಪ ಆಗಿದ್ರೆ ಅವರು ಬರ್ತಿದ್ರಾ ಹೇಳಿ.

ಬೊಂಬಾಯಲ್ಲಿ ನಮಗೆಲ್ಲ ಇದು ಮನೆಮನೆ ವಿಷಯ. ನಮ್ಮ ಪ್ಯಾರಿಷಲ್ಲಿ ಮಣ್ಣು ಮಾಡಿದ ಜಾಗ ನಮಗೇ ಅಂತ ಶಾಶ್ವತ ಸಿಗುವುದಿಲ್ಲ, ಸ್ವಲ್ಪ ವರ್ಷ ಆದ ಮೇಲೆ ಮನೆಯವರನ್ನು ಕರೆದು ಅಗೆದು ಎಲುಬು ತೆಗೆದು ಗೋಡೆಯ ಗೂಡಿನಲ್ಲಿ ಇಡ್ತಾರೆ, ಹೆಸರಿನ ಕಲ್ಲು ಹಾಕ್ತಾರೆ. ನನ್ನ ಅತ್ತೆಯದ್ದು ತೆಗೆಯುವಾಗ ನಾನೇ ನಿಂತಿದ್ದೆ. ಹೆದರಿಕೆ ಆಗಬಹುದು ಅಂತ ಎಣಿಸಿದ್ದೆ, ಎಂಥದ್ದೂ ಆಗಲಿಲ್ಲ, ಅವರ ಕೈ ಹಿಡಿದ ಹಾಗೆ ಆಯ್ತು. ಈಗ ಅದೇ ಗೂಡುಗಳಲ್ಲಿ ಬೂದಿಯ ಪೆಟ್ಟಿಗೆಯೂ ಇಡ್ತಾರೆ. ವಸಈ ಕಡೆ ಕೆಲವು ಚರ್ಚಿನವರು ಮರದ ಪೆಟ್ಟಿಗೆ ಬೇಡ ಅಂತ ಬರೇ ಬಿಳಿ ಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡ್ತಾರೆ, ಬೇಗ ಮಣ್ಣಾಗ್ತದೆ, ಜಾಗ ಉಳೀತದೆ ಅಂತ.

ಆದರೆ ಒಂದು ಹೇಳ್ತೇನೆ. 2020ರ ಮಾರ್ಚಲ್ಲಿ ಕೊರೊನಾಕ್ಕೆ ಸತ್ತವರನ್ನು ಯಾವ ಧರ್ಮದವರಾದ್ರೂ ಸುಡಲೇಬೇಕು ಅಂತ ಇಲ್ಲಿಯ ಮುನ್ಸಿಪಾಲ್ಟಿ ಆರ್ಡರ್ ಬಂದು ಮತ್ತೆ ತಕ್ಷಣ ಹಿಂದೆ ತಗೊಂಡ್ರಲ್ಲ, ಆಮೇಲೆ ಬಾಂದ್ರಾದಲ್ಲಿ ಹೂಳಬಾರದು ಅಂತ ಕೆಲವರು ಹೈಕೋರ್ಟಿಗೆ ಹೋಗಿ ಮೇ ತಿಂಗಳಲ್ಲಿ ಕೋರ್ಟು ಹೂಳಬಹುದು ಅಂತ ಹೇಳ್ತು. ಆ ಎರಡು ತಿಂಗಳು ನಮ್ಮ ಬಿಲ್ಡಿಂಗಿನ ಮುದುಕರೆಲ್ಲ ನನ್ನನ್ನು ಮಣ್ಣಿಗೇ ಕೊಡಿ ಅಂತ ಮಕ್ಕಳ ಹತ್ರ ಅತ್ತದ್ದು ನಾನು ನೋಡಿದ್ದೇನೆ. ಮಣ್ಣು ಅಂದರೆ ನಮ್ಮವರಿಗೆ ಅಷ್ಟು ಉಂಟು. ಬೂದಿಯ ಕಾನೂನು ಸರಿಯಾಗಿ ಗೊತ್ತಿರುವವರು ಬರೀಲಿ.

ರಾಮವಾಡಿ ಹಳೇ ವಿದ್ಯಾರ್ಥಿ

ನಾನು ಪುಣೆ ರಾಮವಾಡಿಯ ಸೆಮಿನರಿಲಿ ಕೆಲವು ವರ್ಷ ಓದಿ ಹೊರಗೆ ಬಂದವನು, ಗುರು, ಅಂದ್ರೆ ಫಾದರ್ ಆಗಲಿಲ್ಲ, ಆದರೆ ಕ್ಯಾನನ್ ಲಾ, ಅಂದ್ರೆ ಧರ್ಮಸಭೆ ಕಾನೂನಿನ ಪಾಠ ಮನಸಲ್ಲಿ ಉಳ್ಕೊಂಡಿದೆ. ತಂಗಿ, ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗ್ಬೇಡಿ, ಯಾಕಂದ್ರೆ ಇದರಲ್ಲಿ ಯಾಕೆ ಅನ್ನೋದು ಗೊತ್ತಾಗದೆ ಬರೀ ಆಗಲ್ಲ ಅಂತ ಕೇಳಿಸ್ಕೊಂಡ್ರೆ ನೋವೇ ಜಾಸ್ತಿ.

ನಿಮಗೆ ಪಾಪ ಅಂದ ಹಿರಿಯರು ಸುಳ್ಳು ಹೇಳಿದ್ದಲ್ಲ, ಹಳೇದನ್ನ ಹೇಳಿದ್ರು. 1886ರಲ್ಲಿ ರೋಮ್ ದಹನವನ್ನ ನಿಷೇಧ ಮಾಡಿತ್ತು. ಆಗ ಯೂರೋಪಲ್ಲಿ ಸತ್ತ ಮೇಲೆ ಏನೂ ಇಲ್ಲ, ಪುನರುತ್ಥಾನ ಎಲ್ಲ ಸುಳ್ಳು ಅಂತ ತೋರಿಸೋಕೇ ಬೇಕಂತಲೇ ಸುಡಿಸ್ಕೊಳ್ಳೋ ಗುಂಪುಗಳಿದ್ವು, ಅದರ ವಿರುದ್ಧ ಬಂದ ಕಾನೂನು ಅದು. 1917ರ ಕ್ಯಾನನ್ ಸಂಹಿತೆಯಲ್ಲೂ ಹಾಗೇ ಇತ್ತು, ಸುಡಿ ಅಂತ ಬರೆದಿಟ್ಟು ಸತ್ತವರಿಗೆ ಧರ್ಮಸಭೆಯ ಅಂತ್ಯಕ್ರಿಯೆನೇ ಸಿಗ್ತಿರಲಿಲ್ಲ. ನಿಮ್ಮ ಹಿರಿಯರು ಉಪದೇಶ ಕಲಿತಿದ್ದು ಆ ಕಾಲದಲ್ಲಿರಬೇಕು. 1963ರಲ್ಲಿ ಅದು ಬದಲಾಯ್ತು. ದಹನ ತಾನಾಗೇ ವಿಶ್ವಾಸಕ್ಕೆ ವಿರುದ್ಧ ಅಲ್ಲ, ವಿಶ್ವಾಸನ ಅಲ್ಲಗಳೆಯೋಕೆ ಅಂತ ಮಾಡಿದ್ರೆ ಮಾತ್ರ ತಪ್ಪು ಅಂತ ಬಂತು. ಈಗಿನ 1983ರ ಸಂಹಿತೆಯಲ್ಲಿ ಕ್ಯಾನನ್ 1176ರ ಮೂರನೇ ಭಾಗ ಅದನ್ನೇ ಹೇಳುತ್ತೆ, ಮಣ್ಣು ಮಾಡೋ ಭಕ್ತಿಯ ಪದ್ಧತಿ ಉಳಿಸ್ಕೊಳ್ಳಿ ಅಂತ ಧರ್ಮಸಭೆ ಮನಸಾರೆ ಕೇಳ್ಕೊಳ್ಳುತ್ತೆ, ಆದರೆ ದಹನನ ನಿಷೇಧಿಸಲ್ಲ. ನಿಮ್ಮ ಅಪ್ಪಾಜಿ ಯಾಕೆ ಕೇಳಿದ್ರು? ಮಕ್ಕಳಿಗೆ ಹೊರೆ ಆಗ್ಬಾರ್ದು ಅಂತ. ಅಲ್ಲಿಗೆ ಆ ಪ್ರಶ್ನೆ ಮುಗೀತು, ಇವತ್ತು ರಾತ್ರಿ ಮಲಗಿ.

ಇನ್ನು ಬೂದಿ. ಇದಕ್ಕೆ 2016ರ ಆಗಸ್ಟ್ 15ರ ತಾರೀಖಿನ ಒಂದು ಸೂಚನೆ ಇದೆ, ಅದೇ ವರ್ಷ ಅಕ್ಟೋಬರಲ್ಲಿ ರೋಮಿಂದ ಹೊರಬಂತು, ಲ್ಯಾಟಿನ್ ಹೆಸರಿನ ಅರ್ಥ ಕ್ರಿಸ್ತನ ಜೊತೆ ಎದ್ದೇಳೋಕೆ ಅಂತ. ಅದರ ಪ್ರಕಾರ ಬೂದಿನ ಪವಿತ್ರ ಜಾಗದಲ್ಲಿ ಇಡಬೇಕು, ಅಂದ್ರೆ ಸಿಮೆಟ್ರಿ, ಚರ್ಚು, ಅಥವಾ ಅದಕ್ಕಂತ ಪ್ರತಿಷ್ಠೆ ಮಾಡಿದ ಜಾಗ. ಗಾಳಿಗೆ, ನೆಲಕ್ಕೆ, ನೀರಿಗೆ ಚೆಲ್ಲೋ ಹಾಗಿಲ್ಲ. ಮನೇಲಿ ಇಟ್ಕೊಳ್ಳೋ ಹಾಗಿಲ್ಲ, ತೀರಾ ವಿಶೇಷ ಸಂದರ್ಭ ಇದ್ದು ಬಿಷಪ್ ಒಪ್ಪಿದ್ರೆ ಮಾತ್ರ. ಮಕ್ಕಳು ಹಂಚ್ಕೊಳ್ಳೋ ಹಾಗಿಲ್ಲ, ಲಾಕೆಟ್ಟು ಉಂಗುರ ಮಾಡಿಸ್ಕೊಳ್ಳೋ ಹಾಗೂ ಇಲ್ಲ.

ಯಾಕೆ ಅಂತ ಆ ಸೂಚನೆಯಲ್ಲೇ ಇದೆ, ನನಗೆ ಬಹಳ ಹಿಡಿಸಿದ ಮಾತು ಅದು. ಮನೇಲಿಟ್ಟ ಬೂದಿನ ನೀವು ನೋಡ್ಕೋತೀರ, ನಿಮ್ಮ ಮಕ್ಕಳು ನೋಡ್ಕೋಬಹುದು, ಆದ್ರೆ ಆ ತಲೆಮಾರು ದಾಟಿದ ಮೇಲೆ ಶೋಕೇಸಲ್ಲಿರೋದು ಯಾರದ್ದು ಅಂತ ಕೇಳೋರೇ ಇರಲ್ಲ. ಸಿಮೆಟ್ರಿ ಯಾವ ಒಂದು ಮನೆಗೂ ಸೇರಿದ್ದಲ್ಲ, ಸಭೆಗೆ ಸೇರಿದ್ದು. ನವೆಂಬರ್ 2ಕ್ಕೆ, ಸತ್ತವರೆಲ್ಲರ ನೆನಪಿನ ದಿನ, ಗುರುಗಳು ತೀರ್ಥ ಹಾಕ್ತಾ ಬರ್ತಾರಲ್ಲ, ಆಗ ನಿಮ್ಮ ಮನೆಯವರು ಒಬ್ಬರೂ ಬರದಿದ್ರೂ ನಿಮ್ಮ ಅಪ್ಪಾಜಿ ಮೇಲೂ ಆ ತೀರ್ಥ ಬೀಳುತ್ತೆ. ಯಾರ್ ನೋಡ್ತಾರೆ ಅಂತ ಅಪ್ಪಾಜಿ ಕೇಳಿದ್ರಲ್ಲ, ಅದಕ್ಕೆ ಧರ್ಮಸಭೆ ಕೊಡೋ ಉತ್ತರ ಇದು.

ಪಿಂಪ್ರಿ ಹಾಸನದವಳು

ರಾಮವಾಡಿ ಅಣ್ಣ, ಎರಡು ಸಲ ಓದ್ದೆ. ಅಮ್ಮನಿಗೂ ಓದಿ ಹೇಳ್ದೆ. ಅಮ್ಮ ಅತ್ತು, ಆಮೇಲೆ ಮೊದಲನೇ ಸಲ ಊಟ ಸರಿಯಾಗಿ ಮಾಡ್ತು. ನಿಮ್ಮಿಬ್ರಿಗೂ ದೇವರು ಒಳ್ಳೇದು ಮಾಡ್ಲಿ. ನಮ್ಮಣ್ಣನಿಗೆ ಇನ್ನೂ ತೋರಿಸಿಲ್ಲ.

ಠಾಣೆ, ಊರು ಸೊಲ್ಲಾಪುರ

ನಾ ಲಿಂಗಾಯತ ಮನಿಯಂವ, ನಿಮ್ಮ ಧರ್ಮದಾಂವ ಅಲ್ಲ, ಆದ್ರೂ ಓದಿ ಸುಮ್ನ ಹೋಗಾಕ ಮನಸಾಗ್ಲಿಲ್ಲರಿ. ನಮ್ಮಾಗೂ ಮಣ್ಣಾಗ ಇಡ್ತೀವಿ, ಕುಂಡ್ರಿಸಿ, ವಿಭೂತಿ ಹಚ್ಚಿ, ಕೈಯಾಗ ಲಿಂಗ ಕೊಟ್ಟು. ಮುಂಬೈಗೆ ಬಂದ ಮ್ಯಾಲ ನಮ್ಮ ಮಂದಿಗೂ ಜಾಗಾದ್ದೇ ತ್ರಾಸ. ನಮ್ಮಪ್ಪನ್ನ ಇಲ್ಲಿಂದ ಗಾಡಿ ಮಾಡ್ಕೊಂಡು ರಾತ್ರೋರಾತ್ರಿ ಊರ ಹೊಲಕ್ಕ ಒಯ್ದು ಇಟ್ಟು ಬಂದೀವಿ. ಆ ಹೊಲ ಇನ್ನೂ ಮಾರಿಲ್ಲ, ಎಷ್ಟ ರೊಕ್ಕ ಬರ್ತದಂದ್ರೂ ಮಾರಂಗಿಲ್ಲ.

ಒಂದ ಕೇಳ್ತೀನಿ, ತಪ್ಪ ತಿಳೀಬ್ಯಾಡ್ರಿ. ಆ ತಾಯಿ ಇರೂದು ನೀರಾಗ. ಮಗ ತಾಯಿ ಹಂತ್ಯಾಕ ಹೋಗ್ತೀನಂದ್ರ ಅದ್ರಾಗ ದೇವ್ರಿಗೆ ವಿರುದ್ಧ ಏನದ? ಸರ್ಕಾರ ಡ್ಯಾಮ್ ಕಟ್ಟಿ ಸಮಾಧಿನ ಮುಳುಗಿಸೇದ, ಅದು ಆ ಹಿರಿಯರ ತಪ್ಪಲ್ಲ.

ಮೀರಾ ರೋಡ್ ತಮ್ಮ

ಸೊಲ್ಲಾಪುರದ ಸರ್ ಕೇಳಿದ್ದೇ ನನ್ನ ಪ್ರಶ್ನೆನೂ. ಜೊತೆಗೆ ಇನ್ನೊಂದು. ಗೋವಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇಹ ಇದೆ, ಅವರ ಬಲಗೈ 1614ರಲ್ಲೇ ತೆಗೆದು ರೋಮಿಗೆ ಕಳಿಸಿದ್ರು. ಸಂತರ ದೇಹ ಹಂಚಬಹುದು, ನಮ್ಮ ಅಪ್ಪಂದು ಹಂಚಬಾರದಾ? ವಾದಕ್ಕೆ ಕೇಳ್ತಿಲ್ಲ. ನಾನು 2014ರಲ್ಲಿ ನಮ್ಮ ತಂದೆ ಬೂದಿನ ಗೊರಾಯಿ ಸಮುದ್ರಕ್ಕೆ ಬಿಟ್ಟಿದೀನಿ. ಅರ್ಧ ಮಾತ್ರ, ಇನ್ನರ್ಧ ತಂಗಿ ದುಬೈಗೆ ತಗೊಂಡು ಹೋದ್ಲು. ಆಗ ಯಾರೂ ಏನೂ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ. ಈಗ ಇದೆಲ್ಲ ಓದಿ ಎದೆ ಭಾರ ಆಗಿದೆ. ಪ್ರತಿ ನವೆಂಬರಲ್ಲಿ ಎಲ್ರೂ ಸಿಮೆಟ್ರಿಗೆ ಮೇಣದಬತ್ತಿ ತಗೊಂಡು ಹೋಗ್ತಾರೆ, ನಾನು ಎಲ್ಲಿಗೆ ಹೋಗ್ಲಿ ಅಂತ ಗೊತ್ತಾಗದೆ ಸುಮ್ನೆ ಶಿಲುಬೆ ಹತ್ರ ಹಚ್ಚಿ ಬರ್ತೀನಿ.

ವಾಸ್ಕೋದ ಕಾರವಾರದವ

ತಮ್ಮಾ, ಮೊದಲು ಕ್ಸೇವಿಯರ್ ವಿಷಯ ಹೇಳ್ತೇನೆ, ನಾನು ಗೋವಾದಲ್ಲಿ ಮೂವತ್ತು ವರ್ಷದಿಂದ ಇದ್ದೇನೆ. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಅವಶೇಷ ದರ್ಶನ ಇತ್ತಲ್ಲ, ಹತ್ತು ವರ್ಷಕ್ಕೊಮ್ಮೆ ಆಗೋದು, ನಾನು ಸ್ವಯಂಸೇವಕ ಆಗಿ ಲೈನ್ ನೋಡ್ಕೊಳ್ತಿದ್ದೆ. ಅಲ್ಲಿ ನಿಂತಾಗ ಇದೇ ಪ್ರಶ್ನೆ ನನಗೂ ಬಂದಿತ್ತು. ಸಂತರ ಅವಶೇಷ ಯಾರ ಮನೆಯ ಸ್ವತ್ತೂ ಅಲ್ಲ. ಎಲ್ಲಿ ಹೋದ್ರೂ ಪೀಠದಲ್ಲಿ, ಎಲ್ಲ ಜನರ ಎದುರು, ಹೆಸರು ಹಾಕಿ ಇಡ್ತಾರೆ. ಮಾರೋದಂತೂ ಕ್ಯಾನನ್ 1190ರಲ್ಲಿ ಸ್ಪಷ್ಟ ನಿಷಿದ್ಧ. ನಮ್ಮಪ್ಪನ ಬೂದಿ ನಾಲ್ಕು ಮಕ್ಕಳು ನಾಲ್ಕು ಡಬ್ಬದಲ್ಲಿ ಹಂಚಿದ್ರೆ ಅದು ಎಲ್ಲರ ಕಣ್ಣಿಂದ ಮರೆಯಾಗ್ತದೆ. ಆದರೂ ನೀನು ಕೇಳಿದ್ದು ತಪ್ಪು ಪ್ರಶ್ನೆ ಅಲ್ಲ, ಕೈ ಕತ್ತರಿಸಿ ಕಳಿಸಿದ್ದು ಇವತ್ತಿನ ಮನಸ್ಸಿಗೆ ನನಗೂ ಕಷ್ಟವೇ ಆಗ್ತದೆ.

ಗೋವಾದ ಹಳ್ಳಿಗಳಲ್ಲಿ ಸಾವು ಅಂದ್ರೆ ಇಡೀ ಊರಿನ ಕೆಲಸ. ಕೊನ್ಫ್ರಾರಿಯಾ ಅಂತ ಚರ್ಚಿನ ಸಂಘ ಇರ್ತದೆ, ಅದರವರು ಹೆಗಲ ಮೇಲೆ ಬಣ್ಣದ ನಿಲುವಂಗಿ ಹಾಕ್ಕೊಂಡು ಶಿಲುಬೆ ಹಿಡಿದು ಮುಂದೆ ನಡೀತಾರೆ. ಇಲ್ಲೂ ಗುಂಡಿ ಶಾಶ್ವತ ಅಲ್ಲ, ವರ್ಷ ಕಳೆದ ಮೇಲೆ ಎಲುಬು ಎತ್ತಿ ಗೂಡಿಗೋ ಎಲ್ಲರ ಎಲುಬು ಸೇರಿಸಿ ಹಾಕೋ ಸಾಮಾನ್ಯ ಬಾವಿಗೋ ಹಾಕ್ತಾರೆ. ಇಂಗ್ಲೆಂಡಲ್ಲಿ ತೀರ್ಕೊಂಡ ಗೋವಾದವರ ಬೂದಿ ವಿಮಾನದಲ್ಲಿ ಬಂದು ಅಪ್ಪ ಅಮ್ಮನ ಗೂಡಲ್ಲೇ ಸೇರೋದನ್ನ ನಾನು ನೋಡಿದೇನೆ. ಹಾಗಾಗಿ ಪಿಂಪ್ರಿ ತಂಗಿ, ಬೂದಿ ಅಂದ್ರೆ ಒಂದು ಅನುಕೂಲ, ಹಳೇ ಸಮಾಧಿ ಒಳಗೇ ಇಡಬಹುದು, ಹೊಸ ಗುಂಡಿ ಬೇಡ. ಮುಳುಗಡೆ ಆದ ಮೇಲೆ ನಿಮ್ಮವರು ಹೋಗಿ ನೆಲೆಸಿದ ಊರಲ್ಲಿ ಸಿಮೆಟ್ರಿ ಇಲ್ವಾ? ಅಲ್ಲಿ ನಿಮ್ಮ ಕುಟುಂಬದ ಸಮಾಧಿ ಯಾವುದಾದ್ರೂ ಇದ್ಯಾ?

ಡೊಂಬಿವಲಿ ಅಜ್ಜ

ನನಗೆ ಟೈಪ್ ಮಾಡೋದು ನಿಧಾನ, ಮೊಮ್ಮಗಳು ಮಾಡ್ಕೊಡ್ತಾ ಇದಾಳೆ.

ಮೀರಾ ರೋಡಿನ ಮಗನೇ, ನೀನು ಗೊತ್ತಿಲ್ದೆ ಮಾಡಿದ್ದು, ನಿಮ್ಮಪ್ಪನ ಮೇಲಿನ ಪ್ರೀತಿಯಿಂದ ಮಾಡಿದ್ದು. ಇದನ್ನ ತೂಗೋದು ದೇವರು, ನೀನು ದಿನಾ ತೂಗ್ಬೇಡ. ಮನಸಿಗೆ ಸಮಾಧಾನ ಆಗದಿದ್ರೆ ಪಾಪನಿವೇದನೇಲಿ ಫಾದರ್ ಹತ್ರ ಒಂದ್ ಸಲ ಹೇಳ್ಬಿಡು. ಬೈಬಲಿನ ಪ್ರಕಟನೆ ಗ್ರಂಥದಲ್ಲಿ ಇಪ್ಪತ್ತನೇ ಅಧ್ಯಾಯ ತೆಗೆದು ಓದು, ಸಮುದ್ರ ತನ್ನಲ್ಲಿದ್ದ ಸತ್ತವರನ್ನ ಒಪ್ಪಿಸಿಬಿಡುತ್ತೆ ಅಂತ ಬರೆದಿದೆ. ಗೊರಾಯಿ ಸಮುದ್ರಾನೂ ಒಪ್ಪಿಸುತ್ತೆ. ಹೇಮಾವತೀನೂ ಒಪ್ಪಿಸುತ್ತೆ. ನಾನು ಮರ್ಚೆಂಟ್ ಹಡಗಲ್ಲಿ ಅಡುಗೆ ಕೆಲಸ ಮಾಡಿದವನು, ನಮ್ಮ ಜೊತೇಲಿದ್ದ ಒಬ್ಬನ್ನ ನಡು ಸಮುದ್ರದಲ್ಲೇ ಇಳಿಸ್ಬೇಕಾಯ್ತು. ಅವತ್ತಿಂದ ಆ ವಾಕ್ಯ ನನ್ನ ಬಾಯಲ್ಲಿದೆ.

ಪಿಂಪ್ರಿ ಮಗಳೇ, ಶೆಟ್ಟಿಹಳ್ಳಿ ಚರ್ಚು ನಾನು ಬೇಸಿಗೇಲಿ ನೀರಿಳಿದಾಗ ಒಳಗೆ ನಡೆದಿದೀನಿ. ಮೇಲೆ ಸೂರಿಲ್ಲ, ಕಮಾನುಗಳು ಹಾಗೇ ನಿಂತಿವೆ. ನಿಮ್ಮಪ್ಪಂಗೆ ಆ ನೀರಂದ್ರೆ ಅದು ನೀರಲ್ಲ, ಅವ್ವನ ಊರು. ಈ ಮಾತು ನಿಮ್ಮ ಫಾದರಿಗೆ ಗೊತ್ತಿದ್ಯಾ? ನದಿಗೆ ಬಿಡ್ತೀವಿ ಅಂತ ಮಾತ್ರ ಹೇಳಿದ್ರೆ ಅವರು ಬೇರೆ ಆಚಾರ ಅಂದ್ಕೊಂಡಿರ್ತಾರೆ. ಕೂತು ಪೂರ್ತಿ ಕತೆ ಹೇಳು.

ಪಿಂಪ್ರಿ ಹಾಸನದವಳು

ಅಜ್ಜ, ಇಲ್ಲ, ಪೂರ್ತಿ ಹೇಳಿಲ್ಲ. ನದಿ ಅಂತಷ್ಟೇ ಕೇಳಿದ್ದು. ನಾಳೆನೇ ಹೋಗ್ತೀನಿ.

ಕಾರವಾರದ ಅಣ್ಣ, ಹೊಸ ಊರಲ್ಲಿ ಸಿಮೆಟ್ರಿ ಇದೆ, ದೊಡ್ಡಪ್ಪ ಅಲ್ಲೇ ಇದಾರೆ, ಅಪ್ಪಾಜಿಗೆ ದೊಡ್ಡಪ್ಪ ಅಂದ್ರೆ ಜೀವ.

ನಿನ್ನೆ ಅಣ್ಣನಿಗೆ ಇದೆಲ್ಲ ತೋರಿಸ್ದೆ, ಜಗಳ ಆಯ್ತು. ಅಪ್ಪಾಜಿ ಕೈ ಹಿಡ್ಕೊಂಡು ಮಾತು ಕೊಟ್ಟಿದೀನಿ, ಕೊಟ್ಟ ಮಾತು ತಪ್ಪಿದ್ರೆ ಅದು ಪಾಪ ಅಲ್ವಾ, ರೋಮಲ್ಲಿ ಕೂತೋರಿಗೆ ನಮ್ಮ ಹೇಮಾವತಿ ಏನ್ ಗೊತ್ತು ಅಂತ ಕೂಗಾಡ್ದ. ಆಮೇಲೆ ಬಾಲ್ಕನೀಲಿ ಹೋಗಿ ಒಬ್ನೇ ಅಳ್ತಿದ್ದ. ಅವನ ತಪ್ಪಲ್ಲ ಅಂತ ನನಗೂ ಗೊತ್ತು. ಮಾತಿನ ಬಗ್ಗೆ ಕಾನೂನು ಏನಾದ್ರೂ ಇದ್ಯಾ?

ರಾಮವಾಡಿ ಹಳೇ ವಿದ್ಯಾರ್ಥಿ

ಇದೆ. ಕ್ಯಾನನ್ 1191 ಹರಕೆ ಬಗ್ಗೆ. ಹರಕೆ ಅಂದ್ರೆ ದೇವರಿಗೆ ಕೊಟ್ಟ ಮಾತು, ಆಗುವಂಥ ಮತ್ತು ಹೆಚ್ಚು ಒಳ್ಳೇದಾದ ಕೆಲಸದ ಬಗ್ಗೆ ತಿಳ್ಕೊಂಡು ಸ್ವಇಚ್ಛೆಯಿಂದ ಕೊಟ್ಟಿದ್ದು. ನಿಮ್ಮಣ್ಣ ಕೊಟ್ಟಿದ್ದು ತಂದೆಗೆ, ಅದು ಹರಕೆ ಆಗಲ್ಲ. ಆದ್ರೆ ಹರಕೆ ಅಲ್ಲ ಅಂದ್ಮಾತ್ರಕ್ಕೆ ಗಾಳಿಗೆ ಹೋಗ್ಲಿ ಅಂತ ನಾನು ಹೇಳಲ್ಲ, ಸಾಯೋ ತಂದೆಗೆ ಕೊಟ್ಟ ಮಾತು ದೊಡ್ಡದು. ಆ ಮಾತಿನ ಒಳಗಡೆ ಏನಿತ್ತು ಅಂತ ನೋಡ್ಬೇಕು. ಅಪ್ಪಾಜಿಗೆ ಬೇಕಾಗಿದ್ದು ನೀರಾ, ಅವ್ವನಾ?

ಇನ್ನೊಂದು ನಿಮಗೆ ಗೊತ್ತಿರಲಿ, ಮೊದಲ ಸಲ ಬರೆಯುವಾಗ ಬಿಟ್ಟಿದ್ದೆ, ತಪ್ಪಾಯ್ತು. 2023ರ ಡಿಸೆಂಬರ್ 9ಕ್ಕೆ ರೋಮ್ ಇನ್ನೊಂದು ಟಿಪ್ಪಣಿ ಕೊಟ್ಟಿದೆ, ಇಟಲಿಯ ಬೊಲೋನ್ಯಾದ ಆರ್ಚ್‌ಬಿಷಪ್ ಕೇಳಿದ ಎರಡು ಪ್ರಶ್ನೆಗೆ ಉತ್ತರವಾಗಿ. ಒಂದು, ಹಲವರ ಬೂದಿ ಒಂದೇ ಪವಿತ್ರ ಜಾಗದಲ್ಲಿ ಸೇರಿಸಿ ಇಡಬಹುದು, ಆದ್ರೆ ಪ್ರತಿಯೊಬ್ಬರ ಹೆಸರೂ ಬರೀಬೇಕು. ಎರಡು, ಬೂದಿ ಪವಿತ್ರ ಜಾಗದಲ್ಲೇ ಇರಬೇಕು, ಆದ್ರೆ ಅದರ ತೀರಾ ಸಣ್ಣ ಅಂಶವನ್ನ ಆ ವ್ಯಕ್ತಿಯ ಬದುಕಿಗೆ ಮುಖ್ಯವಾಗಿದ್ದ ಜಾಗದಲ್ಲಿ ಕಾಪಾಡಿ ಇಡೋಕೆ ಮನೆಯವರು ಕೇಳ್ಕೊಂಡ್ರೆ ಬಿಷಪ್ ಮಟ್ಟದಲ್ಲಿ ಪರಿಶೀಲಿಸಬಹುದು, ದೇಹ ಪ್ರಕೃತಿಲಿ ಕರಗಿ ಮುಗೀತು ಅನ್ನೋ ಥರದ ತಪ್ಪು ತಿಳುವಳಿಕೆ ಇರಬಾರದು, ಆ ನಾಡಿನ ಕಾನೂನಿಗೂ ಹೊಂದಬೇಕು. ಗಮನಿಸಿ, ಕಾಪಾಡಿ ಇಡೋದು, ಚೆಲ್ಲೋದಲ್ಲ. ಅಮೆರಿಕದ ಬಿಷಪ್ಪರು ಬೂದಿನ ಪಾತ್ರೆ ಸಮೇತ ಸಮುದ್ರಕ್ಕೆ ಇಳಿಸೋಕೆ ಬಿಡ್ತಾರೆ, ಅದು ಸಮಾಧಿ ಲೆಕ್ಕ, ಚೆಲ್ಲಿದ ಲೆಕ್ಕ ಅಲ್ಲ. ಆದ್ರೆ ನಿಮ್ಮದು ಡ್ಯಾಮಿನ ನೀರು, ಜನ ಕುಡಿಯೋ ನೀರು, ಅದನ್ನ ಇಲ್ಲಿಗೆ ತರೋದು ಬೇಡ ಅಂತ ನನ್ನ ಅಭಿಪ್ರಾಯ.

ಹಾಗಾಗಿ ದೊಡ್ಡಪ್ಪನ ಸಮಾಧಿ ಒಳಗೆ ಇಡೋದೇ ನೇರ ದಾರಿ. ಅಲ್ಲಿಯ ಪ್ಯಾರಿಷ್ ಗುರುಗಳಿಗೆ ಇಲ್ಲಿಯ ಗುರುಗಳಿಂದ ಒಂದು ಪತ್ರ, ಮರಣ ಪ್ರಮಾಣಪತ್ರ, ಸ್ಮಶಾನದ ರಸೀದಿ ಇಟ್ಕೊಳ್ಳಿ. ಕ್ಯಾನನ್ 1182 ಪ್ರಕಾರ ಮೃತರ ರಿಜಿಸ್ಟರಲ್ಲಿ ಹೆಸರು ಬರೀಬೇಕು, ಬರೆದಿದಾರಾ ಅಂತ ನೋಡಿ. ಮೀರಾ ರೋಡ್ ತಮ್ಮ, ನಿಮ್ಮ ತಂದೆ ಹೆಸರೂ ನಿಮ್ಮ ಪ್ಯಾರಿಷ್ ಪುಸ್ತಕದಲ್ಲಿ ಇರುತ್ತೆ, ಒಂದ್ಸಲ ಹೋಗಿ ತೆಗೆಸಿ ನೋಡಿ. ತಂಗಿ ಹತ್ರ ಇರೋ ಅರ್ಧ ಇನ್ನೂ ಇದ್ರೆ ಅದನ್ನ ತರಿಸಿ ಗೂಡಲ್ಲಿ ಇಡ್ಬಹುದು, ಆಗ ನವೆಂಬರಲ್ಲಿ ಮೇಣದಬತ್ತಿ ಹಚ್ಚೋಕೆ ನಿಮಗೂ ಜಾಗ ಆಗುತ್ತೆ.

ಮೀರಾ ರೋಡ್ ತಮ್ಮ

ತಂಗಿಗೆ ಈಗಷ್ಟೇ ಫೋನ್ ಮಾಡಿದ್ದೆ. ಇದೆ ಅಂದ್ಲು. ಕಪಾಟಲ್ಲಿ ಬೈಬಲ್ ಪಕ್ಕ ಇಟ್ಟಿದಾಳಂತೆ. ಕ್ರಿಸ್ಮಸ್‌ಗೆ ಬರುವಾಗ ತರ್ತಾಳೆ. ಇನ್ನೇನ್ ಬರೀಬೇಕು ಗೊತ್ತಾಗ್ತಿಲ್ಲ ಅಣ್ಣ.

ಚೆಂಬೂರು ಸೊಸೆ

ಮಧ್ಯದಲ್ಲಿ ನನ್ನದೊಂದು. ನಾನು ಹಿಂದೂ, ಯಜಮಾನರು ಕ್ಯಾಥೋಲಿಕ್, ಬಿಷಪ್ ಹತ್ರ ಅನುಮತಿ ತಗೊಂಡು ಚರ್ಚಲ್ಲೇ ಮದುವೆ ಆಗಿದ್ದು, ನಾನು ಧರ್ಮ ಬದಲಿಸಿಲ್ಲ, ಅವರೂ ಕೇಳಿಲ್ಲ. ಇಪ್ಪತ್ತಾರು ವರ್ಷ ಭಾನುವಾರ ಅವರ ಜೊತೆ ಪೂಜೆಗೆ ಹೋಗಿ ಕೂತಿದೀನಿ. ನಾಳೆ ನಾನು ಸತ್ರೆ ಅವರ ಪಕ್ಕದಲ್ಲಿ ನನಗೆ ಜಾಗ ಇದ್ಯಾ? ಇದನ್ನ ಮನೇಲಿ ಕೇಳೋಕೆ ಆಗಲ್ಲ.

ರಾಮವಾಡಿ ಹಳೇ ವಿದ್ಯಾರ್ಥಿ

ಅಕ್ಕ, ದೀಕ್ಷಾಸ್ನಾನ, ಅಂದ್ರೆ ಬ್ಯಾಪ್ಟಿಸಂ ತಗೊಳ್ಳೋಕೆ ಸಿದ್ಧತೆ ಮಾಡ್ತಿರೋರನ್ನ ಅಂತ್ಯಕ್ರಿಯೆ ವಿಷಯದಲ್ಲಿ ವಿಶ್ವಾಸಿಗಳ ಜೊತೆಗೇ ಸೇರಿಸ್ತಾರೆ, ಅದು ಕ್ಯಾನನ್ 1183. ಬೇರೆ ಸಭೆಯ ಕ್ರೈಸ್ತರಿಗೂ ಬಿಷಪ್ ಅನುಮತಿ ಮೇಲೆ ಆಗುತ್ತೆ. ನಿಮ್ಮ ವಿಷಯದಲ್ಲಿ ಪೂರ್ತಿ ಚರ್ಚಿನ ಕ್ರಿಯಾವಿಧಿ ಅಂತ ಬರಲ್ಲ, ಆದ್ರೆ ಗುರುಗಳು ಬಂದು ನಿಮಗಾಗಿ ಪ್ರಾರ್ಥನೆ ಮಾಡೋಕೆ, ಮನೆಯವರು ನಿಮ್ಮ ಹೆಸರಲ್ಲಿ ಪೂಜೆ ಕೊಡೋಕೆ ಅಡ್ಡಿಯಿಲ್ಲ. ಸಿಮೆಟ್ರಿಲಿ ಗಂಡನ ಪಕ್ಕದ ಜಾಗ ಆಯಾ ಧರ್ಮಕ್ಷೇತ್ರದ, ಅಂದ್ರೆ ಆಯಾ ಬಿಷಪ್ಪರ ವ್ಯಾಪ್ತಿಯ ನಿಯಮ, ಬದುಕಿದ್ದಾಗಲೇ ಪ್ಯಾರಿಷ್ ಗುರುಗಳ ಹತ್ರ ಇಬ್ರೂ ಹೋಗಿ ಕೇಳಿ ಬರವಣಿಗೇಲಿ ತಗೊಳ್ಳಿ. ಯಜಮಾನರ ಹತ್ರ ಮಾತಾಡಿ ಅಕ್ಕ, ಅವರೂ ಇದನ್ನೇ ಮನಸಲ್ಲಿಟ್ಕೊಂಡು ಸುಮ್ನಿರಬಹುದು.

ಅಂಧೇರಿಯ ಕುಡ್ಲದವಳು

ಚೆಂಬೂರಿನವರೇ, ನಮ್ಮ ಸಿಮಿಸ್ತ್ರಿಯಲ್ಲಿ ಒಂದು ಗೂಡಿನ ಕಲ್ಲಿನ ಮೇಲೆ ಗಂಡನ ಹೆಸರು ಕ್ರೈಸ್ತರದ್ದು ಹೆಂಡತಿಯ ಹೆಸರು ಹಿಂದೂ ಹೆಸರು ಉಂಟು, ನಾನು ಹೋದಾಗಲೆಲ್ಲ ಅಲ್ಲಿ ಒಂದು ಹೂ ಇಡ್ತೇನೆ. ಹೆದರಬೇಡಿ, ಹೋಗಿ ಕೇಳಿ.

ವಾಸ್ಕೋದ ಕಾರವಾರದವ

ಪಿಂಪ್ರಿ ತಂಗಿಗೆ ಒಂದು ಯೋಚನೆ. ಸಮಾಧಿ ಮಾಡುವಾಗ ಗುರುಗಳು ಬೂದಿ ಮೇಲೆ ತೀರ್ಥ ಚಿಮುಕಿಸ್ತಾರಲ್ಲ, ದೀಕ್ಷಾಸ್ನಾನದ ನೆನಪಿಗೆ. ಆ ತೀರ್ಥಕ್ಕೆ ನೀರು ಎಲ್ಲಿಂದಾದ್ರೂ ತರಬಹುದು, ಶುದ್ಧ ನೀರಾದ್ರೆ ಸಾಕು, ಗುರುಗಳು ಆಶೀರ್ವದಿಸ್ತಾರೆ. ನಿಮ್ಮಣ್ಣ ಹೇಮಾವತಿಗೆ ಹೋಗಿ ಒಂದು ಬಾಟಲಿ ನೀರು ತುಂಬ್ಕೊಂಡು ಬರಲಿ. ಅಪ್ಪನ್ನ ನೀರಿಗೆ ಬಿಡೋಕಾಗದಿದ್ರೆ ಅವ್ವನ ನೀರನ್ನ ಅಪ್ಪನ ಹತ್ರ ತರಲಿ.

ಡೊಂಬಿವಲಿ ಅಜ್ಜ

ಇದು ಸರಿ. ನಿಮ್ಮಪ್ಪಂಗೆ ದೀಕ್ಷಾಸ್ನಾನ ಆಗಿದ್ದೂ ಹಳೇ ಊರಿನ ಚರ್ಚಲ್ಲೇ ಇರ್ಬೇಕು. ಅವತ್ತು ತಲೆ ಮೇಲೆ ಬಿದ್ದ ನೀರು ಎಲ್ಲೀದು ಯೋಚ್ನೆ ಮಾಡು ಮಗಳೇ.

ಪಿಂಪ್ರಿ ಹಾಸನದವಳು

ಐದು ದಿನ ಆದ್ಮೇಲೆ ಬರೀತಿದೀನಿ, ಕ್ಷಮಿಸಿ. ಕಾರವಾರದ ಅಣ್ಣನ ಮಾತು ಮತ್ತೆ ಅಜ್ಜನ ಮಾತು ಅಣ್ಣನಿಗೆ ಓದಿ ಹೇಳ್ದೆ. ಅವನು ಏನೂ ಮಾತಾಡ್ಲಿಲ್ಲ, ಎದ್ದು ಒಳಗೆ ಹೋಗಿ ಅಪ್ಪಾಜಿಯ ದೀಕ್ಷಾಸ್ನಾನದ ಸರ್ಟಿಫಿಕೇಟ್ ಹುಡುಕಿ ತಂದ. ಅಮ್ಮನ ಜೊತೆ ಮದುವೆಗೆ ಅಂತ ತರಿಸಿದ್ದು, ಟ್ರಂಕಲ್ಲಿತ್ತು. ಹೌದು ಅಜ್ಜ, ಶೆಟ್ಟಿಹಳ್ಳಿ ಅಂತಾನೇ ಬರೆದಿದೆ. ಅದನ್ನ ಕೈಲಿಟ್ಕೊಂಡು ತುಂಬಾ ಹೊತ್ತು ಕೂತಿದ್ದ.

ಫಾದರ್ ಹತ್ರ ಮೂರು ಜನಾನೂ ಹೋದ್ವಿ. ಈ ಸಲ ಪೂರ್ತಿ ಕತೆ ಹೇಳಿದ್ವಿ, ಡ್ಯಾಮ್, ರಜೆ ಸಿಗದೇ ಇದ್ದಿದ್ದು, ಎಲ್ಲ. ಫಾದರ್ ಕೇಳಿಸ್ಕೊಂಡು, ನಾನು ಅವತ್ತು ನಿಮ್ಮನ್ನ ಕೂರಿಸಿ ಕೇಳ್ಬೇಕಿತ್ತಮ್ಮ ಅಂದ್ರು. ಊರಿನ ಗುರುಗಳಿಗೆ ಅಲ್ಲೇ ಫೋನ್ ಮಾಡಿದ್ರು, ಪತ್ರ ಕೊಟ್ಟಿದಾರೆ. ದೊಡ್ಡಮ್ಮನೂ ಸಮಾಧಿ ತೆಗೆಯೋಕೆ ಒಪ್ಪಿದಾರೆ, ಅಣ್ಣ ತಮ್ಮ ಒಟ್ಟಿಗೇ ಇರ್ಲಿ ಬಿಡು ಅಂದ್ರಂತೆ. ಸಣ್ಣ ಅಂಶದ ಅರ್ಜಿ ಹಾಕೋದು ಬೇಡ ಅಂತ ಅಣ್ಣನೇ ಹೇಳ್ದ, ಅಪ್ಪಾಜಿ ಪೂರ್ತಿಯಾಗಿ ಒಂದೇ ಕಡೆ ಇರ್ಲಿ ಅಂತ.

ತಿಂಗಳ ಪೂಜೆ ಊರಲ್ಲೇ ಇಟ್ಕೊಂಡಿದೀವಿ. ಶುಕ್ರವಾರ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಬೆಂಗಳೂರು, ಅಲ್ಲಿಂದ ಹಾಸನ. ಮಡಕೆ ನನ್ನ ಮಡಿಲಲ್ಲೇ ಇಟ್ಕೊಂಡು ಹೋಗ್ತೀನಿ. ಅಣ್ಣ ಒಂದು ದಿನ ಮುಂಚೆನೇ ಬಸ್ಸಲ್ಲಿ ಹೊರಡ್ತಿದಾನೆ, ಬೆಳಿಗ್ಗೆ ಬೇಗ ಚರ್ಚಿನ ಹತ್ರ ಹೋಗಿ ನೀರು ತುಂಬ್ಕೋಬೇಕಂತೆ, ಪ್ಲಾಸ್ಟಿಕ್ ಬಾಟಲಿ ಬೇಡ ಅಂತ ಅಪ್ಪಾಜಿ ಫ್ಯಾಕ್ಟರಿಗೆ ಒಯ್ತಿದ್ದ ಸ್ಟೀಲ್ ಬಾಟಲಿನ ನಿನ್ನೆ ರಾತ್ರಿ ಕೂತು ತೊಳೀತಿದ್ದ.